ಫ್ಲೋರಾ ಅಜ್ಜಿಯ ಹೆಸರಿನ ಕಿಟಕಿ

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಬಾಗಿಲು ತಟ್ಟದೆ ಒಳಗೆ ಬಂದವನು ಟೋಪಿ ತೆಗೆದು ಮೂರನೆಯ ಬೆಂಚಿನಲ್ಲಿ ಕೂತೇಬಿಟ್ಟ. ಆಮೇಲೆ ನನ್ನನ್ನು ನೋಡಿದ. ಬಾಯಿ ತುಂಬ ನೊರೆ, ಮೈಮೇಲೆ ನೈಟಿ.

"ಕ್ಷಮಿಸಿ. ಇಲ್ಲಿ ಬಾಗಿಲು ತಟ್ಟಿ ಅಭ್ಯಾಸ ಇಲ್ಲ" ಎಂದ.

ನೋವಾ ಸ್ಕೋಶಿಯಾದ ಕಡಲಂಚಿನ ಪುಟ್ಟ ಚರ್ಚು ಅದು. ಬರುವವರು ಹನ್ನೊಂದೇ ಜನ ಉಳಿದಾಗ ಮುಚ್ಚಿ ಮಾರಿದ್ದರು. ಮನೆ ಮಾಡಿಕೊಳ್ಳಲು ಕೊಂಡವಳು ನಾನು, ರೋನಾ. ಬಂದವನು ಊರಿನ ಬಡಗಿ ಲಾಕ್ಲನ್. ಸತ್ತವರ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಕೊಟ್ಟಿದ್ದ ಮನೆಯವರು ಅದನ್ನು ಅಕ್ಟೋಬರ್ ಕೊನೆಯೊಳಗೆ ಬಿಚ್ಚಿಕೊಂಡು ಹೋಗಬಹುದು, ಆಮೇಲೆ ಅದು ನನ್ನದು ಎಂದು ಕರಾರಿನಲ್ಲಿತ್ತು. ಅವನ ಅಜ್ಜಿ ಫ್ಲೋರಾಳ ಹೆಸರಿನ ಕಿಟಕಿ ಅವನ ಸೋದರತ್ತೆಗೆ ಬೇಕಾಗಿತ್ತು.

ಅದರ ನೀಲಿ ಬೆಳಕು ಬೀಳುವಲ್ಲೇ ನಾನು ಅಡುಗೆಮನೆ ಮಾಡಿದ್ದೆ.

"ಪಾದ್ರಿ ನಿಲ್ಲೋ ಜಾಗದಲ್ಲಿ ಒಲೆ ಇಟ್ಟಿದ್ದೀರಲ್ರೀ?"

"ಹೌದು. ತೆಗೆಯಲ್ಲ."

"ತೆಗೀರಿ ಅಂದ್ನಾ? ಅಲ್ಲಿಂದ ಒಳ್ಳೇದೇನಾದ್ರೂ ಬರ್ತಿರೋದು ಇದೇ ಮೊದಲು."

ಮೊದಲ ಶನಿವಾರ ಬಂದು ಅಳತೆ ತೆಗೆದುಕೊಂಡ. ಎರಡನೆಯ ಶನಿವಾರ ಗಾಜಿನ ಸುತ್ತ ಮೆತ್ತಿದ ಪುಟ್ಟಿ ಕಲ್ಲಾಗಿದೆ, ಬಿಡುತ್ತಿಲ್ಲ ಎಂದ. ಮೂರನೆಯದಕ್ಕೆ ಗಾಳಿ ಜಾಸ್ತಿ ಎಂದ. ಹೊರಗೆ ಒಂದೆಲೆಯೂ ಅಲುಗುತ್ತಿರಲಿಲ್ಲ. ಪ್ರತಿ ಸಲವೂ ನನ್ನ ಮೀನಿನ ಸೂಪು ಎರಡು ಬಟ್ಟಲು ಕುಡಿದ. ಅವನ ರೆಪ್ಪೆಯಂಚಿನಲ್ಲಿ ಮರದ ಪುಡಿ ಕೂತಿರುತ್ತಿತ್ತು. ನಾನು ತಲೆ ಎತ್ತಿದರೆ ಸಾಕು, ಕಿಟಕಿ ನೋಡುವವನಂತೆ ಕಣ್ಣು ಸರಿಸುತ್ತಿದ್ದ.

ಗಡುವಿನ ಕೊನೆಯ ದಿನ ಬರಿಗೈಯಲ್ಲಿ ಬಂದ.

"ಬಿಚ್ಚೋಕಾಗಲಿಲ್ಲ ಅಂತ ಅತ್ತೆಗೆ ಹೇಳ್ತೀನಿ. ನಿಮಗೇ ಇರಲಿ."

ಕುಣಿಯಬೇಕಾಗಿತ್ತು ನಾನು. ಆದರೆ ನಾಳೆಯಿಂದ ಈ ಮನೆಯಲ್ಲಿ ಕಿಟಕಿ ಇರುತ್ತದೆ, ಶನಿವಾರ ಇವನಿರುವುದಿಲ್ಲ. ಅದೂ ಎಂಬತ್ತರ ಮುದುಕಿಗೊಂದು ಸುಳ್ಳು ಹೇಳಿ ಉಳಿಸಿಕೊಂಡ ಬೆಳಕು. ಬೇಡ ಎಂದು ಅಲ್ಲೇ ನಿಶ್ಚಯಿಸಿದೆ.

"ಬಿಚ್ಚಿ" ಎಂದೆ. "ನಾನು ಹಿಡ್ಕೋತೀನಿ."

"ನಿಜವಾಗ್ಲೂ?"

"ಟ್ರಕ್ಕಲ್ಲಿ ಉಳಿ ಇದೆ ತಾನೇ? ತನ್ನಿ."

ಎರಡು ತಾಸು ಹಿಡಿಯಿತು. ಒಂದೊಂದೇ ಇಂಚು ಸಡಿಲಗೊಂಡು ನೀಲಿಯೆಲ್ಲ ನನ್ನ ತೋಳಿಗೆ ಬಂತು. ಅಳತೆಗೆ ಕತ್ತರಿಸಿ ಟ್ರಕ್ಕಲ್ಲೇ ಇಟ್ಟಿದ್ದ ಸಾದಾ ಗಾಜನ್ನು ಅವನು ಖಾಲಿ ಚೌಕಟ್ಟಿಗೆ ಕೂರಿಸಿದಾಗ ಸಮುದ್ರ ಒಲೆಯ ಹತ್ತಿರಕ್ಕೇ ಬಂದು ನಿಂತಿತು.

"ಮುಗೀತು" ಎಂದ, ಸಣ್ಣ ದನಿಯಲ್ಲಿ. "ಇನ್ನಿಲ್ಲಿ ನಂಗೇನೂ ಕೆಲಸ ಇಲ್ಲ."

ಎಂದಿನಂತೆ ಮಾತನ್ನು ಒಳಗೇ ನುಂಗಿಕೊಳ್ಳಬಹುದಾಗಿತ್ತು. ನುಂಗಲಿಲ್ಲ.

"ಕೆಲಸ ಇಲ್ಲದೇನೇ ಬನ್ನಿ."

"ಯಾಕೆ ಅಂತ ಅತ್ತೆ ಕೇಳಿದ್ರೆ?"

"'ರೋನಾ ಕರೆದಳು' ಅನ್ನಿ. 'ನಾನಂದ್ರೆ ಅವಳಿಗೆ ಇಷ್ಟವಂತೆ' ಅನ್ನಿ."

ಕಣ್ಣು ಸರಿಸಲು ಈಗ ಅವನಿಗೆ ಬಣ್ಣದ ಕಿಟಕಿಯಿರಲಿಲ್ಲ. ನನ್ನನ್ನೇ ನೋಡಿದ, ಬಹಳ ಹೊತ್ತು.

"ಬರೋ ಶನಿವಾರದ ತನಕ ಕಾಯ್ಬೇಕಾ?"

"ಬೇಡ" ಎಂದೆ.