ಎರಡು ದಿನದ ಮುಯ್ಯಿ

ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ, ಅರ್ಧ ಕಾಲೇಜಿನ ಎದುರಿಗೆ, ನಮ್ಮೂರಿನ ಅರುಣನ ಕೈಯಿಂದ ಛತ್ರಿ ಕಿತ್ತುಕೊಂಡು ಅವನ ಬೆನ್ನಿಗೇ ಬಾರಿಸಿದವಳು ನಾನು. ಸುಳ್ಳು ಹೇಳುವುದಿಲ್ಲ. ಒಂದಲ್ಲ, ಎರಡು ಏಟು. ಎರಡನೆಯ ಏಟಿಗೆ ಛತ್ರಿಯ ಕಡ್ಡಿ ಮುರಿಯಿತು, ಅದಕ್ಕೆ ನಿಲ್ಲಿಸಿದೆ.

ಕಾರಣ ಒಂದು ಫೋಟೊ. ಜುಲೈ ಮೊದಲ ವಾರ ನಾವು ಅರುಣನ ಮನೆಯ ಗದ್ದೆಗೆ ಮುಯ್ಯಿಗೆ ಹೋಗಿದ್ದೆವು. ನಟ್ಟಿಗೆ, ಅಂದರೆ ಭತ್ತದ ಸಸಿ ನೆಡೋಕೆ, ಕೂಲಿಯವರು ಸಿಗುವುದಿಲ್ಲ. ಹಾಗಾಗಿ ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಅಮ್ಮ ಸಸಿ ನೆಡುವ ಸಾಲಿಗೆ ಇಳಿದಳು. ಟಿಲ್ಲರ್ ಓಡಿಸಬೇಕಾದ ಅಪ್ಪ ಸೊಂಟ ಹಿಡಿದಿದೆ ಅಂತ ಅಂಚಿನ ಮೇಲೆ ನಿಂತ. ಅವನ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ನಾನೇ ಟಿಲ್ಲರ್ ಹಿಡಿದೆ. ಮೊಣಕಾಲುದ್ದ ಕೆಸರು, ಮುಖಕ್ಕೆಲ್ಲ ಕೆಸರು, ಬಾಯಿ ಇಷ್ಟಗಲ ತೆರೆದು ಯಾರನ್ನೋ ಕೂಗುತ್ತಿದ್ದೆ. ಆ ಗಳಿಗೆಯನ್ನೇ ಹುಡುಕಿ ಅರುಣ ಫೋಟೊ ತೆಗೆದಿದ್ದಾನೆ. ಸಾಲದ್ದಕ್ಕೆ ಸ್ಟೇಟಸ್ ಹಾಕಿದ್ದಾನೆ. 'ನಮ್ಮ ಗದ್ದೆಗೆ ಬಂದ ಮುಯ್ಯಾಳು' ಅಂತ ಬರೆದು ಪಕ್ಕದಲ್ಲಿ ಒಂದು ಬೆಂಕಿಯ ಇಮೋಜಿ.

ಮಾರನೆಯ ದಿನದಿಂದ ಸೆಕೆಂಡ್ ಪಿಯುಸಿ ಕಾಮರ್ಸ್ ಕ್ಲಾಸಿನಲ್ಲಿ ನನ್ನ ಹೆಸರು ನಿಶ್ಚಿತಾ ಅಲ್ಲ, ಟಿಲ್ಲರ್. ನಾನು ಕಾರಿಡಾರಿನಲ್ಲಿ ಬಂದರೆ ಹುಡುಗರು 'ಡುಗುಡುಗು' ಅಂತ ಸದ್ದು ಮಾಡಿ ದಾರಿ ಬಿಡುವುದು.

ಐದಡಿ ಒಂಬತ್ತು ಇಂಚು ನಾನು. ಕಪ್ಪು. ತೋಳು ನೋಡಿದರೆ ಯಾರೂ ಕಾಲೇಜು ಹುಡುಗಿಯ ತೋಳು ಅನ್ನುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಹತ್ತದೆ ಮುಂದಿನ ಬಸ್ಸಿಗೆ ಕಾಯುವವಳು, ಯಾಕೆಂದರೆ ನಿಂತರೆ ಎಲ್ಲರ ತಲೆಗಿಂತ ಮೇಲೆ ನನ್ನದೊಂದು ತಲೆ ಕಾಣುತ್ತದೆ. ಸೆಲ್ಫಿಯನ್ನು ಫಿಲ್ಟರ್ ಹಾಕದೆ ಯಾರಿಗೂ ತೋರಿಸಿದವಳಲ್ಲ. ಅಂಥವಳನ್ನು ಇವನು ಕೆಸರಿನ ಸಮೇತ ಊರಿಗೆ ಹಂಚಿದ್ದ.

"ತಮಾಷೆಗೆ ಹಾಕಿದ್ದಲ್ಲ ಮಾರಾಯ್ತಿ, ನಂಗೆ ಚೆನ್ನಾಗಿ ಕಂಡ್ತು" ಅಂದ ಬೆನ್ನು ಉಜ್ಜಿಕೊಳ್ಳುತ್ತಾ.

"ನಿನ್ನ ಕಣ್ಣು ಹಾಳಾಗ್ಲಿ" ಅಂದೆ.

ಅದಾಗಿ ಹತ್ತು ದಿನಕ್ಕೆ ಅಪ್ಪ ಮನೆ ಬಿಟ್ಟ.

ನಮ್ಮ ಗದ್ದೆ ಹೂಡಿ, ಹದ ಮಾಡಿಟ್ಟು, ಕೈಕಾಲು ತೊಳೆದುಕೊಂಡು, ಟಿಲ್ಲರನ್ನು ಪಿಕಪ್ಪಿಗೆ ಹತ್ತಿಸಿಕೊಂಡು ನರಸಿಂಹರಾಜಪುರಕ್ಕೆ ಹೋದ. ಅಲ್ಲಿ ಅವನಿಗೆ ಇನ್ನೊಂದು ಮನೆ ಇದೆ ಅಂತ ನಮಗೆ ಗೊತ್ತಾದದ್ದು ಅವತ್ತೇ. ಆ ಮನೆಯಲ್ಲಿ ನನ್ನ ವಯಸ್ಸಿನ ಹುಡುಗಿ ಇದ್ದಾಳಂತೆ, ಬೆಳ್ಳಗೆ, ತೆಳ್ಳಗೆ. ಇದನ್ನು ನನಗೆ ಹೇಳಲೇಬೇಕು ಅಂತ ಮೂರು ಜನ ಮನೆಯವರೆಗೆ ಬಂದು ಹೇಳಿದರು. ಅಮ್ಮ ಅಳಲಿಲ್ಲ. ಒಲೆಯ ಮುಂದೆ ಕೂತು, ಅಪ್ಪನ ಪಾಲಿನ ರೊಟ್ಟಿಯನ್ನೂ ಸುಟ್ಟು, ಅದನ್ನು ನಾಯಿಗೆ ಹಾಕಿದಳು.

ಸಂಜೆಗೆ ದೊಡ್ಡಪ್ಪ ವೆಂಕಟಯ್ಯ ಬಂದ. ಜಗಲಿಯ ಮೇಲೆ ಕಾಲು ಮಡಚಿ ಕೂತು, "ಮಾಲತಿ, ಹೆಂಗಸರ ಕೈಲಿ ಗದ್ದೆ ಆಗೋದಲ್ಲ. ಭಾನುವಾರದೊಳಗೆ ನಟ್ಟಿ ಆಗ್ಲಿಲ್ಲ ಅಂದ್ರೆ ನಾನೇ ನೆಡಿಸ್ಕೊಳ್ತೀನಿ. ಪಾಲಾಗದೇ ಇರೋ ಜಮೀನು, ಬೀಳು ಬಿಡೋಕೆ ಆಗ್ತದಾ? ನೀನು, ಹುಡುಗಿ ಶೃಂಗೇರಿಗೆ ನಿನ್ನ ಅಣ್ಣನ ಮನೆಗೆ ಹೋಗಿರಿ" ಅಂದ.

ಮಾವನ ಮನೆ ಅಂದರೆ ಏನು ಅಂತ ನನಗೆ ಗೊತ್ತು. ಅಲ್ಲಿ ಅಮ್ಮ ಪಾತ್ರೆ ತೊಳೆಯಬೇಕು, ನಾನು ನೆಲ ಒರೆಸಬೇಕು. ಕಾಲೇಜಿನ ಮಾತು ಎತ್ತುವ ಹಾಗಿಲ್ಲ. ಒಂದು ಎಕರೆ ಗದ್ದೆ ನೆಟ್ಟರೆ ನಾವು ಇಲ್ಲಿ, ಇಲ್ಲದಿದ್ದರೆ ಅಲ್ಲಿ.

"ನಮ್ಗೆ ಮುಯ್ಯಿ ಬರೋದಿದೆ" ಅಂದಳು ಅಮ್ಮ.

"ಬರ್ಲಿ ನೋಡುವ" ಅಂದು ದೊಡ್ಡಪ್ಪ ನಕ್ಕ.

ಆ ನಗು ಯಾಕೆ ಅಂತ ಬುಧವಾರ ಗೊತ್ತಾಯಿತು. ನಾಲ್ಕು ಮನೆಯಿಂದ ನಮಗೆ ಆಳು ಬರಬೇಕಿತ್ತು, ಒಬ್ಬರೂ ಬರಲಿಲ್ಲ. ಕೆಳಗಿನ ಗದ್ದೆಗಳಿಗೆಲ್ಲ ನೀರು ದೊಡ್ಡಪ್ಪನ ಗದ್ದೆ ದಾಟಿಯೇ ಬರುವುದು. 'ಮಾಲತಿಯ ಗದ್ದೆಗೆ ಹೋದವರಿಗೆ ನೀರಿಲ್ಲ' ಅಂದಿದ್ದನಂತೆ. ಅಮ್ಮ ಕಮಲಕ್ಕನ ಮನೆಗೆ, ಅಂದರೆ ಅರುಣನ ಅಮ್ಮನ ಹತ್ತಿರ ಹೋದರೆ, ಕಮಲಕ್ಕ ಹೊರಗೆ ಬರದೆ ಒಳಗಿನಿಂದಲೇ "ಜ್ವರ" ಅಂದಳು. ಸಸಿಗೆ ಮೂವತ್ತೆರಡು ದಿನ ಆಗಿತ್ತು. ಇನ್ನು ನಾಲ್ಕು ದಿನ ಸಸಿಮಡಿಯಲ್ಲೇ ಉಳಿದರೆ ದನಕ್ಕೆ ಹಾಕಬೇಕು.

ನಾನೂ ಅಮ್ಮನೂ ಇಳಿದೆವು. ಹತ್ತು ಗಂಟೆಯ ಹೊತ್ತಿಗೆ ಅಂಚಿನ ಮೇಲೆ ಒಂದು ನೀಲಿ ಟೀಶರ್ಟು ಕಂಡಿತು.

"ಮಾಲತಕ್ಕ, ಮುಯ್ಯಿಗೆ ಬಂದೆ" ಅಂದ ಅರುಣ. ಪ್ಯಾಂಟು ಮಂಡಿಯವರೆಗೆ ಮಡಚಿಕೊಂಡಿದ್ದ.

ಅಮ್ಮ ಬೆನ್ನು ನೆಟ್ಟಗೆ ಮಾಡಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಮನೆಯಿಂದ ಬರ್ಬೇಕಾದ್ದು ಎರಡು ಹೆಣ್ಣಾಳು. ಗಂಡುಹುಡುಗ ಸಸಿ ನೆಡ್ತಾನಾ?"

ನಮ್ಮ ಕಡೆ ಗಂಡಸರು ಹೂಡುತ್ತಾರೆ, ಸಸಿಯ ಕಟ್ಟು ಹೊರುತ್ತಾರೆ. ನೆಡುವ ಸಾಲಿಗೆ ಬಗ್ಗುವುದು ಹೆಂಗಸರು. ಆ ಸಾಲಿನಲ್ಲಿ ಬಗ್ಗಿದ ಗಂಡಸನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

"ಎರಡು ದಿನ ಬರ್ತೀನಿ. ಅಮ್ಮಂದು ಒಂದು, ಅಜ್ಜಿದು ಒಂದು" ಅಂದ. ಕಿವಿ ಕೆಂಪಾಗಿತ್ತು.

"ಫೋಟೊ ತೆಗಿಯೋಕೆ ಬಂದಿದ್ರೆ ಹಾಗೇ ಹೋಗು" ಅಂದೆ ನಾನು.

ಅವನು ಜೇಬಿನಿಂದ ಫೋನ್ ತೆಗೆದು, ಟವೆಲಿನಲ್ಲಿ ಸುತ್ತಿ, ಅಂಚಿನ ಮೇಲೆ ನನ್ನ ಚಪ್ಪಲಿಯ ಪಕ್ಕ ಇಟ್ಟ. ಆಮೇಲೆ ಕೆಸರಿಗೆ ಇಳಿದ. ಮೊದಲ ಹೆಜ್ಜೆಗೇ ಮುಗ್ಗರಿಸಿದ. ನಾನು ಕೈ ಕೊಡಲಿಲ್ಲ.

ದೇವರಾಣೆ, ಅಷ್ಟು ಕೆಟ್ಟ ನಟ್ಟಿಯನ್ನು ನಾನು ನೋಡಿಲ್ಲ. ಒಂದು ಕಡೆ ಮೊಣಕೈವರೆಗೆ ಹೂತುಬಿಡುತ್ತಾನೆ, ಇನ್ನೊಂದು ಕಡೆ ಬರೀ ಮೇಲೆ ಇಡುತ್ತಾನೆ, ಅದು ತೇಲಿಕೊಂಡು ಹೋಗುತ್ತದೆ. ಸಾಲು ಕುಡುಕ ನಡೆದ ಹಾಗೆ. ನಾನು ಹಿಂದಿನಿಂದ ಅವನು ನೆಟ್ಟದ್ದನ್ನು ಕಿತ್ತು ಮತ್ತೆ ನೆಡುತ್ತಾ ಬಂದೆ.

"ಎರಡು ಬೆರಳಲ್ಲಿ ಹಿಡಿ. ಹೆಬ್ಬೆರಳು ಎಂತಕ್ಕೆ ಇರೋದು ನಿಂಗೆ? ಮೆಸೇಜ್ ಮಾಡೋಕಾ?"

"ತೋರಿಸ್ಕೊಡು ಹಾಗಾದ್ರೆ."

ತೋರಿಸಿದೆ. ಅವನು ಸಸಿ ನೋಡುವುದು ಬಿಟ್ಟು ನನ್ನ ಕೈ ನೋಡಿದ. ಆಮೇಲೆ ತೋಳು, ಆಮೇಲೆ ಮುಖ. ರೆಪ್ಪೆಯ ಮೇಲೆ ಒಂದು ಹನಿ ಕೆಸರು ಕೂತಿತ್ತು ಅವನಿಗೆ, ಅದನ್ನು ಒರೆಸಿಕೊಳ್ಳಲೂ ಮರೆತು ನೋಡುತ್ತಿದ್ದ. ನನಗೆ ಮೈ ಉರಿಯಿತು. ನನ್ನನ್ನು ಅಷ್ಟು ಹೊತ್ತು ನೋಡಿದವರು ಆಮೇಲೆ ನಗುವುದೇ ನನಗೆ ಅಭ್ಯಾಸ. ಅವನು ನಗಲಿಲ್ಲ.

"ಎಂತ ನೋಡ್ತಿದ್ದೀಯ?"

"ಕಲೀತಾ ಇದ್ದೀನಿ."

"ಗದ್ದೆ ಕೆಳಗಿದೆ" ಅಂದೆ. ಅವನು ತಲೆ ತಗ್ಗಿಸಿದ, ನಾನೂ ತಗ್ಗಿಸಿದೆ. ಅಮ್ಮ ದೂರದಿಂದ ಸುಮ್ಮನೆ ಕೆಮ್ಮಿದಳು.

ಮಧ್ಯಾಹ್ನ ದೊಡ್ಡಪ್ಪ ಅಂಚಿಗೆ ಬಂದ. "ಎಲಾ, ಕಮಲಿಯ ಮಗ ಸೀರೆ ಒಂದು ಉಟ್ಕೊಂಡಿಲ್ಲ" ಅಂದ. ಅವನ ಹಿಂದೆ ನಿಂತಿದ್ದ ಇಬ್ಬರು ನಕ್ಕರು. "ನಿಮ್ಮ ಗದ್ದೆಗೆ ನೀರು ಹೇಗೆ ಬರ್ತದೆ ನೋಡ್ತೀನಿ."

ಅರುಣ ಬೆನ್ನು ಎತ್ತಲಿಲ್ಲ. ನೆಡುತ್ತಲೇ ಮಾತಾಡಿದ. "ನೀರು ನಿಲ್ಸಿ ದೊಡ್ಡಯ್ಯ. ಆದ್ರೆ ಬಂದ ಮುಯ್ಯಿ ತೀರಿಸ್ಬೇಡಿ ಅಂತ ನೀವೇ ಹೇಳ್ಕೊಟ್ರೆ, ನಾಳೆ ನಿಮ್ಮ ಗದ್ದೆಗೆ ಯಾರು ಬರ್ತಾರೆ? ನಿಮ್ದಿನ್ನೂ ಮೂರು ಎಕರೆ ನಟ್ಟಿ ಆಗ್ಬೇಕಲ್ಲ."

ದೊಡ್ಡಪ್ಪನ ಹಿಂದಿದ್ದವರ ನಗು ನಿಂತಿತು. ದೊಡ್ಡಪ್ಪ ಎಲೆಅಡಿಕೆ ಉಗಿದು ಹೋದ. ಅರುಣ ಇನ್ನೊಂದು ಕಟ್ಟು ಬಿಚ್ಚಿ ಸರಸರ ನೆಡತೊಡಗಿದ. ಆ ಮಧ್ಯಾಹ್ನದ ಸಾಲುಗಳು ಇನ್ನೂ ಸೊಟ್ಟ ಬಿದ್ದವು. ಅವನ್ನು ಮಾತ್ರ ನಾನು ಕೀಳಲಿಲ್ಲ.

ಗುರುವಾರವೂ ಬಂದ. ಅಷ್ಟಾದರೂ ಮೂರು ಜನರಿಗೆ ಎಷ್ಟು ಆದೀತು? ಅರ್ಧ ಗದ್ದೆ ಹಾಗೇ ಬಾಕಿ. ಸಂಜೆ ಹೊರಡುವಾಗ ಅಮ್ಮನಿಗೆ "ನಮ್ಮನೆ ಮುಯ್ಯಿ ತೀರ್ತು" ಅಂತ ಹೇಳಿ ಕುಂಟುತ್ತಾ ಹೋದ. ನನಗೆ ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು. ಮಾವನ ಮನೆಗೆ ಒಯ್ಯಲು ನನ್ನ ಪುಸ್ತಕಗಳನ್ನು ಬ್ಯಾಗಿಗೆ ತುಂಬಿ, ಮತ್ತೆ ಹೊರಗೆ ತೆಗೆದೆ.

ಶುಕ್ರವಾರ ಬೆಳಿಗ್ಗೆ ನಾವು ಹೋಗುವ ಮೊದಲೇ ಗದ್ದೆಯಲ್ಲಿ ಗುಡ್ಡಮ್ಮ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ, ನಮ್ಮೂರಿನ ನಟ್ಟಿ ಸಾಲಿನ ಮೊದಲ ಆಳು. ಸೊಂಟದ ಮೇಲೆ ಕೈಯಿಟ್ಟು, ನಾನು ಕೀಳದೆ ಬಿಟ್ಟ ಅರುಣನ ಸಾಲುಗಳನ್ನು ನೋಡುತ್ತಿದ್ದಳು.

"ಮಾಲತಿ, ಇದೆಂತದು? ಕೋಳಿ ಕೆದರಿದ್ದಾ?"

"ಕಮಲಕ್ಕನ ಮಗ ನೆಟ್ಟಿದ್ದು."

"ದಾರೀಲಿ ಹೋಗೋರೆಲ್ಲ ನೋಡ್ತಾರೆ. ನಾವು ನಾಲ್ಕು ಜನ ಹೆಂಗಸರು ಬದುಕಿರ್ಬೇಕಾದ್ರೆ ಊರ ಗದ್ದೆ ಹೀಗಿರ್ತದಾ?" ಅಂದಳು. ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಒಂಬತ್ತು ಗಂಟೆಗೆ ಇನ್ನಿಬ್ಬರು. ಹತ್ತಕ್ಕೆ ಕಮಲಕ್ಕ, ತಲೆ ತಗ್ಗಿಸಿಕೊಂಡು. ಅಮ್ಮ ಅವಳ ಜೊತೆ ಮಾತಾಡಲಿಲ್ಲ, ಆದರೆ ತನ್ನ ಪಕ್ಕದಲ್ಲಿ ಒಂದಾಳಿನ ಜಾಗ ಬಿಟ್ಟಳು.

ಕಮಲಕ್ಕನ ಹಿಂದೆಯೇ ಅರುಣನೂ ಬಂದ. ಬಗ್ಗಲು ಬಿಡದೆ ಗುಡ್ಡಮ್ಮ ಅವನಿಗೆ ಸಸಿಯ ಕಟ್ಟು ಹೊರಿಸಿದಳು. ಶನಿವಾರ ಮಧ್ಯಾಹ್ನ ಮೂರಕ್ಕೆ ಕೊನೆಯ ಸಸಿ ನೆಟ್ಟಾಯಿತು. ದೊಡ್ಡಪ್ಪ ಈ ಕಡೆ ಸುಳಿಯಲಿಲ್ಲ. ಅವನ ಮೂರು ಎಕರೆಗೂ ಇವೇ ಕೈಗಳು ಬೇಕಿತ್ತು, ನೀರು ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ಅಮ್ಮ ಅಂಚಿನ ಮೇಲೆ ಕೂತು, ಅಪ್ಪ ಹೋದ ಮೇಲೆ ಮೊದಲ ಸಲ, ಗಟ್ಟಿಯಾಗಿ ಅತ್ತಳು. ಹೆಂಗಸರು ಅವಳನ್ನು ಕಾಫಿಗೆ ಅಂತ ಮನೆಗೆ ಕರೆದುಕೊಂಡು ಹೋದರು.

ನಾನೂ ಅರುಣನೂ ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದೆವು. ಮಧ್ಯೆ ಒಂದು ಮಾರು ಜಾಗ.

"ನಿಮ್ಮ ಮುಯ್ಯಿ ಗುರುವಾರಕ್ಕೇ ತೀರ್ತಲ್ಲ. ನಿನ್ನೆ, ಇವತ್ತು ಎಂತಕ್ಕೆ ಬಂದೆ?"

"ಇನ್ಮೇಲೆ ಬಾಕಿ ನಿಂದಿರ್ಲಿ ಅಂತ." ಅವನು ನೀರನ್ನೇ ನೋಡುತ್ತಿದ್ದ. "ಇಲ್ದಿದ್ರೆ ನೀನು ನಮ್ಮನೆ ಕಡೆ ಬರೋದೇ ಇಲ್ಲ. ಛತ್ರಿ ಮುರಿದ ಮೇಲೆ ಮುಖ ಎತ್ತಿ ನೋಡಿಲ್ಲ. ಬೈಯೋಕಾದ್ರೂ ಬರ್ಲಿ ಅಂತ."

ನನ್ನ ಎದೆ ಟಿಲ್ಲರಿನ ಹಾಗೇ ಬಡಿದುಕೊಳ್ಳುತ್ತಿತ್ತು. "ಆ ಫೋಟೊ ಇದೆಯಾ?"

"ಸ್ಟೇಟಸ್ಸಿಂದ ಅವತ್ತೇ ತೆಗೆದೆ."

"ಫೋನಲ್ಲಿ?"

ಅವನ ಕಿವಿ ಮತ್ತೆ ಕೆಂಪಾಯಿತು. "ಇದೆ. ಹೊಡಿ ಬೇಕಾದ್ರೆ. ನಂಗೆ ನೀನು ಇಷ್ಟ ನಿಶ್ಚಿತಾ. ಆ ಫೋಟೊದಲ್ಲಿ ಇದ್ದೀಯಲ್ಲ, ಹಾಗೇ ಇಷ್ಟ. ಬೇರೆಯವ್ರಿಗೂ ಹಾಗೇ ಕಾಣ್ತದೆ ಅಂದ್ಕೊಂಡೆ. ತಪ್ಪಾಯ್ತು."

ಹೊಡೆಯಲು ಛತ್ರಿ ಇರಲಿಲ್ಲ. ಒಂದು ಬೊಗಸೆ ನೀರು ಎರಚಿದೆ. "ಕಳ್ಸು ಅದನ್ನ" ಅಂದೆ. "ಮತ್ತೆ ಬಾಕಿ ಎರಡು ದಿನ ಅಲ್ಲ, ಒಂದೇ. ನೀನು ನೆಟ್ಟದ್ದರಲ್ಲಿ ಅರ್ಧ ಕಿತ್ತು ನೆಟ್ಟವಳು ನಾನು."

"ಒಂದು ಸಾಕು" ಅಂದ. ನಾನು ಮುಖ ತಿರುಗಿಸಿಕೊಂಡು ನಕ್ಕೆ. ಇಷ್ಟ ನನಗೂ ಇತ್ತು. ಅದನ್ನು ಅವತ್ತೇ ಹೇಳಿ ಅವನ ತಲೆ ತಿರುಗಿಸುವ ಮನಸ್ಸಿರಲಿಲ್ಲ.

ಭಾನುವಾರ ಆ ಫೋಟೊವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಮುಂದೆ ನಾನು, ಕೆಸರು, ಖಾಕಿ ಅಂಗಿ. ಹಿಂದೆ ಅಂಚಿನ ಮೇಲೆ ಅಪ್ಪ, ಬೆನ್ನು ಹಾಕಿ, ಫೋನ್ ಕಿವಿಗಿಟ್ಟು ನಿಂತಿದ್ದಾನೆ. ಯಾರ ಜೊತೆ ಮಾತಾಡುತ್ತಿದ್ದ ಅಂತ ಈಗ ಗೊತ್ತು. ಅವನನ್ನು ಕ್ರಾಪ್ ಮಾಡಲು ಹೊರಟವಳು ನಿಲ್ಲಿಸಿದೆ. ಅವನು ಬೆನ್ನು ಹಾಕಿದ್ದ, ನಾನು ಗದ್ದೆ ಹೂಡುತ್ತಿದ್ದೆ. ಇದ್ದದ್ದು ಇದ್ದ ಹಾಗೇ ಇರಲಿ, ಎನ್.ಆರ್.ಪುರದಲ್ಲಿ ಕೂತು ಅವನೂ ನೋಡಲಿ. ಫಿಲ್ಟರ್ ಹಾಕದೆ ಡಿಪಿ ಮಾಡಿದೆ.

ಎರಡು ನಿಮಿಷಕ್ಕೆ ಅರುಣನ ಮೆಸೇಜ್. 'ನಾಳೆ ಬೆಳಿಗ್ಗೆ ಬಸ್ಸಲ್ಲಿ ನಿಂಗೆ ಸೀಟ್ ಹಿಡೀಲಾ?'

'ಬೇಡ' ಅಂತ ಬರೆದೆ. 'ನಾನು ನಿಂತೇ ಬರ್ತೀನಿ. ನೀನೂ ಪಕ್ಕದಲ್ಲಿ ನಿಂತ್ಕೋ.'