ಇಡೀ ಕಾಲೇಜಿಗೆ ಬಾಗಿಲು ಹಾಕಿಸಿದವಳು

"ನಿನ್ನ ಮ್ಯಾಲೆ ಒಂದೇ ಒಂದು ದೂರು ಬಂದ್ರೂ ಓದು ಬಿಟ್ಟು ಮನೆಗೆ ಬರ್ಬೇಕು. ಮಾತು ಕೊಡು."

ಕೊಕ್ಕನೂರಿನಿಂದ ಮೊದಲ ಸಲ ದಾವಣಗೆರೆಯ ಕಾಲೇಜಿಗೆ ಹೊರಟ ದಿನ ಅಪ್ಪ ಅಜ್ಜಪ್ಪ ಕೇಳಿದ್ದ.

"ಬರ್ತೀನಪ್ಪಾ," ಎಂದು ಚೈತ್ರಾ ಅವನ ಕೈ ಮೇಲೆ ಕೈಯಿಟ್ಟಿದ್ದಳು.

ಈಗ ಅವಳು ಪಿಎಚ್‌.ಡಿ. ಮಾಡುತ್ತಿದ್ದಾಳೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅದೇ ಕೈ ಎಷ್ಟು ಒತ್ತಿದರೂ ಒಂದು ಲೇಖನವೂ ತೆರೆಯುತ್ತಿರಲಿಲ್ಲ...

"ಚೈತ್ರಾ ಅಂದ್ರೆ ನೀವೇ ಏನ್ರಿ?"

ಕೊರಳಲ್ಲಿದ್ದ ಗುರುತಿನ ಚೀಟಿ ಓದಿದಳು. ಸಹಾಯಕ ಗ್ರಂಥಪಾಲಕ ಮಾಲತೇಶ್! ಯಾವುದೇ ಲೇಖನ ಸಿಗದಿದ್ದರೂ ಅವಳು ಮೆಸೇಜ್ ಮಾಡುತ್ತಿದ್ದದ್ದು ಇವನಿಗೇ. "ಹುಡುಕೋ ಪದ ಬದಲಿಸಿ ನೋಡ್ರಿ... ಊಟ ಆಯ್ತೇನ್ರಿ?" ಅನ್ನುತ್ತಿದ್ದವನು. ಮುಖಾಮುಖಿ ಇವತ್ತೇ ಮೊದಲು.

"ನಿನ್ನೆ ಮನೆಯಿಂದ ಲಾಗಿನ್ ಆಗಿದ್ರಾ? ನಿಮ್ಮ ಹೆಸರು ಕಾಣಿಸ್ತೈತೆ."

ಆಗಿದ್ದಳು. ಕಾಲೇಜು ಕಟ್ಟಿದ್ದ ಜರ್ನಲ್‌ಗಳ ಚಂದಾ ಮುಗೀತಾ ಬಂತು ಅಂತ ಯಾರೋ ಹೇಳಿದ್ದೇ ತಡ, ಮೆಕ್ಕೆಜೋಳದ ಹುಳದ ಮೇಲಿನ ಲೇಖನಗಳನ್ನೆಲ್ಲ ಸಾಫ್ಟ್‌ವೇರ್ ಹಾಕಿ ಒಂದೇ ಏಟಿಗೆ ಇಳಿಸಿಕೊಂಡಿದ್ದಳು. ಪ್ರಕಾಶಕರ ಕಡೆಯವರು ಕಳ್ಳತನ ಅಂದುಕೊಂಡು ಇಡೀ ಕಾಲೇಜಿಗೇ ಜರ್ನಲ್‌ಗಳ ಬಾಗಿಲು ಹಾಕಿದ್ದರು!

"ಇ... ಇಲ್ಲ ಸರ್."

ಅವನು ಅರೆಕ್ಷಣ ನೋಡಿ ಹೊರಟುಹೋದ.

ಪಕ್ಕದ ಮೇಜಿನಲ್ಲಿ ಗೆಳತಿ ಸಹನಾ ಸಿಡುಕಿದಳು. "ಯಾರೋ ಪುಣ್ಯಾತ್ಮರು ಪಂಕ್ತಿ ಊಟನೆಲ್ಲ ಒಬ್ರೇ ಬಾಚ್ಕೊಂಡು ಹೋಗ್ಯಾರೆ! ಥೀಸಿಸ್ ಕೊಡೋ ಹೊತ್ತಲ್ಲಿ ನಾನೇನು ಎಲೆ ನೆಕ್ಕಲಾ?"

ಚೈತ್ರಾ ತಲೆ ಎತ್ತಲಿಲ್ಲ. ಎತ್ತಿದಾಗ ಕಂಡದ್ದು, ಗಾಜಿನಾಚೆ ಪ್ರಾಂಶುಪಾಲರ ಮುಂದೆ ನಿಂತ ಮಾಲತೇಶ್.

'ಹೇಳೇಬಿಟ್ಟ... ಇನ್ನು ಅಪ್ಪನಿಗೆ ಫೋನ್ ಹೋಗುತ್ತೆ!'

ಬ್ಯಾಗ್ ಎತ್ತಿಕೊಂಡು ಓಡಿದಳು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೊಕ್ಕನೂರಿನ ಬಸ್ಸಿಗೆ ನಿಂತಾಗ ಫೋನ್ ಬಡಿದುಕೊಂಡಿತು. ಮಾಲತೇಶ್.

"ಎಲ್ಲಿದೀರಿ?"

"ಊರಿಗೆ ಹೊಂಟೀನಿ. ನನ್ನ ಹೆಸರು ಹೇಳಿದ್ರಲ್ಲ, ಇನ್ನೇನು ಬೇಕು ನಿಮಗೆ?"

"ಹೇಳಿಲ್ರಿ... ಸುಳ್ಳೂ ಹೇಳಿಲ್ಲ. ಮಾಡಿದೋರು ಸಂಜೆಯೊಳಗೆ ತಾವೇ ಬಂದು ಒಪ್ಕೊಂತಾರೆ, ನಾನು ಜವಾಬ್ದಾರಿ ಅಂದೆ. ಇಳಿಸಿದ್ದನ್ನ ಅಳಿಸಿಬಿಟ್ರೆ ಪ್ರಕಾಶಕರು ಎಲ್ಲರಿಗೂ ಮತ್ತೆ ತೆರೀತಾರೆ."

"ನಾನು ಬರದೇ ಹೋದ್ರೆ?"

"ನನ್ನ ಕೆಲಸಕ್ಕೆ ಕುತ್ತು. ಅದಿರ್ಲಿ... ಎಷ್ಟು ಏದುಸಿರು ಬಿಡ್ತಿದೀರಿ! ಮೊದಲು ನೀರು ಕುಡೀರಿ."

ಕಣ್ಣು ತುಂಬಿ ಬಂತು. ಊರಿನ ಬಸ್ಸು ಹಾರ್ನ್ ಹೊಡೆಯಿತು. ಚೈತ್ರಾ ದಾವಣಗೆರೆಯ ಬಸ್ಸು ಹತ್ತಿದಳು.

"ಮಾಡಿದ್ದು ನಾನೇ ಸರ್," ಎಂದು ಪ್ರಾಂಶುಪಾಲರೆದುರು ಹೇಳಿ, ಇಳಿಸಿದ್ದನ್ನೆಲ್ಲ ಅಲ್ಲೇ ಅಳಿಸಿದಳು. ಅವಳ ಹೆಸರಿಗೆ ದೂರು ದಾಖಲಾಯಿತು.

ಹೊರಗೆ ಮಾಲತೇಶ್ ಕಾಯುತ್ತಿದ್ದ.

"ಇನ್ನು ಮನೆಯಿಂದ ಲಾಗಿನ್ ಇಲ್ವಂತೆ. ದಿನಾ ಇಲ್ಲೇ ಬಂದು ಓದ್ಬೇಕಂತೆ," ಎಂದಳು.

"ಶಿಕ್ಷೆ ನಿಮಗೆ. ನನಗಲ್ಲ."

ಅಳುತ್ತಲೇ ನಕ್ಕಳು. "ಯಾಕ್ರಿ?"

"ನಿಮ್ಮ ಮೆಸೇಜಿಗೆ ಕಾಯೋದು ತಪ್ಪುತ್ತಲ್ಲ... ನೀವಂದ್ರೆ ಇಷ್ಟ ಚೈತ್ರಾ. ಹೇಳೋಕೆ ಹೆದರಿಕೆ ಆಗ್ತಿತ್ತು."

"ನನಗೂ... ಎಲ್ಲ ಲೇಖನ ನನಗೇ ಹುಡುಕೋಕೆ ಬರ್ತಿತ್ತು ಕಣ್ರಿ. ಆದ್ರೂ ನಿಮ್ಮನ್ನ ಕೇಳ್ತಿದ್ದೆ!"

ಆಮೇಲೆ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ನನ್ನ ಮ್ಯಾಲೆ ದೂರು ಬಂತು. ತಪ್ಪು ನಂದೇ. ಆದ್ರೆ ಓದು ಬಿಡಲ್ಲ."

ಅಪ್ಪ ಫೋನ್ ಇಟ್ಟುಬಿಟ್ಟ. ಮಾಲತೇಶ್ ಅವಳ ಕೈ ಹಿಡಿದುಕೊಂಡ.

ಅಪ್ಪನಿಗೆ ಕೊಟ್ಟ ಮಾತನ್ನು ಚೈತ್ರಾ ಮುರಿದಳು.