ಎಡಗಡೆಯ ಬಟನ್

೨೦೧೪ರಲ್ಲಿ ಜಾಲಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ನಾನು ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಯಂತ್ರ ಯಾವಾಗಲೂ ಎರಡರಲ್ಲಿ ಒಂದು ಸ್ಥಿತಿಯಲ್ಲಿರಬೇಕು: ಬಟನ್ ಒತ್ತುವುದಕ್ಕೆ ಕಾಯುತ್ತಿರಬೇಕು, ಇಲ್ಲವೇ ಇಳಿಯುತ್ತಿರಬೇಕು. ಎರಡು ಬಟನ್‌ಗಳನ್ನು ಎರಡು ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕಾಯುವುದನ್ನು ಬಿಟ್ಟು ಇಳಿಯುತ್ತದೆ. ಹಾಗಾಗಿ ಕೆಲಸ ಮಾಡುವವರ ಕೈ ಅದರ ಕೆಳಗೆ ಸಿಕ್ಕುವುದಿಲ್ಲ.

ಆಯುಧಪೂಜೆ ಮುಗಿದು ಕೆಲಸ ಶುರುವಾದ ಬೆಳಿಗ್ಗೆ, ಆ ಯಂತ್ರ ನಡೆಸುವ ಮುನಿಕೃಷ್ಣಮ್ಮ ಫೋನ್ ಮಾಡಿದರು.

"ಒಂದೇ ಕೈಗೆ ಇಳೀತೈತೆ ಮೇಡಮ್. ನಿಮ್ ಪ್ರೋಗ್ರಾಮ್‌ಗೆ ಎರಡರ ತನಕಾನೂ ಎಣಿಸಕ್ಕೆ ಬರಲ್ವಾ?"

ಹೋಗಿ ಬಲಗಡೆಯ ಬಟನ್ ಮಾತ್ರ ಒತ್ತಿದೆ. ಪ್ರೆಸ್ ಇಳಿಯಿತು. ಯಂತ್ರದ ಪರದೆಯಲ್ಲಿ ಎರಡೂ ಬಟನ್ ಒತ್ತಿದಂತೆ ಕಾಣುತ್ತಿತ್ತು. ಎಡ ಬಟನ್ ಮೇಲಿನ ಪೂಜೆಯ ಕುಂಕುಮ ಒಂದಿಷ್ಟೂ ಅಳಿಸಿರಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಕೈ ತೆಗೆದ ಹಾಗೆ.

ಒಳಗೇನೋ ಸಿಕ್ಕಿಕೊಂಡಿರಬೇಕೆಂದು ಎಡ ಬಟನ್ನಿನ ತಂತಿಗಳನ್ನೇ ಕತ್ತರಿಸಿದೆ. ಮತ್ತೆ ಬಲಗಡೆಯದನ್ನು ಒತ್ತಿದೆ. ಆಗಲೂ ಇಳಿಯಿತು.

"ಇದ್ರ ಮುಂದೆ ನಾನಂತೂ ಕೂರಲ್ಲ," ಎಂದರು ಮುನಿಕೃಷ್ಣಮ್ಮ.

"ಕೂರಬೇಡಿ. ಯಾರನ್ನೂ ಕೂರಿಸಬಾರದು ಅಂತ ಮಾಲೀಕರಿಗೂ ಹೇಳ್ತೀನಿ."

ಬಲ ಬಟನ್ ಮೇಲೆ ಇನ್ನೂ ಇದ್ದ ಕೈಯನ್ನು ನಾನು ತೆಗೆದೆ. ಪರದೆಯಲ್ಲಿ ಬಲಗಡೆಯದು ತಕ್ಷಣ ಬಿಟ್ಟಂತೆ ಕಾಣಿಸಿತು. ಎಡಗಡೆಯದು ಒತ್ತಿದಂತೆಯೇ ಇತ್ತು. ಮುನಿಕೃಷ್ಣಮ್ಮ ಬಾಗಿಲು ದಾಟಿ ಹೊರಗೆ ಹೋದ ಮೇಲಷ್ಟೇ ಅದೂ ಬಿಟ್ಟಂತೆ ಕಾಣಿಸಿತು.